ಎಂಟಿಂಚಿನ ಸಿಂಹಾಸನ

ಎಷ್ಟು ದೂರ ಹೋದರೂ ಸೊಂಟ ನೋಯದ ಬೈಕ್ ಸೀಟೊಂದನ್ನು ಲೋಕಕ್ಕೆ ಕೊಟ್ಟೇ ತೀರುತ್ತೇನೆಂದು ಹೋದ ತಿಂಗಳು ಪಣ ತೊಟ್ಟೆ! ಲೋಕಕ್ಕೆ ಎಂದರೆ, ಮುಖ್ಯವಾಗಿ ನನ್ನ ಹೆಂಡತಿ ಮಾನಸಾಗೆ. "ನಿಮ್ಮ ಬೈಕಲ್ಲಿ ಕೂತು ನನ್ನ ಸೊಂಟ ಬಿದ್ದೋಯ್ತು ಕಣ್ರೀ. ಭಾನುವಾರ ಕೊತ್ತಗೆರೆಗೆ, ಅಪ್ಪನ ಮನೆವರ್ಗೂ ಕೊನೇ ಸಲ ಬರ್ತೀನಿ. ದಾರೀಲಿ ಒಂದ್ಸಲ ನಾನು ಅಯ್ಯೋ ಅಂದ್ರೂ ಬೈಕ್ ಮಾರ್ಬಿಡ್ಬೇಕು!" ಎಂದಿದ್ದಳು. ಮಾರುವುದೇ! ನನ್ನ ಬೈಕನ್ನೇ!

ತುಮಕೂರಿನ ಸೀಟ್ ಅಂಗಡಿಯವರು ಒಂದಿಂಚು ಸ್ಪಂಜ್ ಹಾಕುತ್ತೇವೆ ಎಂದರು. ಒಂದಿಂಚು! ಭಾನುಪ್ರಕಾಶನೆಂಬ ಈ ಮಹಾಪುರುಷ ಅಷ್ಟಕ್ಕೆ ತೃಪ್ತಿಪಡುವವನೇ? ಸೀಟು ಬಿಚ್ಚಿಕೊಂಡು ಗುಬ್ಬಿ ಬಸ್ಸು ಹತ್ತಿದೆ. ಅಲ್ಲಿನ ಚೌಡಪ್ಪನವರು ಹಾಸಿಗೆ ಹೊಲಿಯುವವರು, ನಮ್ಮ ಮದುವೆಯ ಹಾಸಿಗೆಯೂ ಅವರ ಕೈಯದೇ. ನನ್ನ ತೊಡೆಯ ಮೇಲಿದ್ದ ಸೀಟು ನೋಡಿ ಕಂಡಕ್ಟರ್, "ಏನ್ ಸಾರ್, ಬಸ್ಸಲ್ಲಿ ಸೀಟ್ ಸಿಗಲ್ಲಾಂತ ಮನೆಯಿಂದ್ಲೇ ತಂದ್ರಾ?" ಎಂದ. ಮಹಾಕಾರ್ಯಕ್ಕೆ ಹೊರಟವರಿಗೆ ಇಂಥ ಮಾತು ಇದ್ದದ್ದೇ.

ಚೌಡಪ್ಪನವರು ಕೆಳಗೆ ತೆಂಗಿನ ನಾರು, ನಡುವೆ ಸ್ಪಂಜ್, ಮೇಲೆ ಬೂರುಗದ ಹತ್ತಿ ತುಂಬಿದರು.

"ಸಾಕೇನಪ್ಪ?"

"ಇನ್ನೂ ಹಾಕಿ!"

"ಆಮ್ಯಾಕೆ ನನ್ನ ಬೈಬ್ಯಾಡ."

ಎಂಟಿಂಚು! ಉಪ್ಪಾರಹಳ್ಳಿಯ ನಮ್ಮ ಮನೆಗೆ ತಂದು ಜೋಡಿಸಿ, ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹತ್ತಿ ಕೂತು ಒಂದು ಲೋಟ ಕಾಫಿ ಕುಡಿದೆ. ಸ್ವರ್ಗ! ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಸ್ಟ್ಯಾಂಡ್ ಮೇಲಿದ್ದರೆ ಹೇಗೆ ತಾನೇ ಮುಟ್ಟೀತು ಎಂದುಕೊಂಡೆ.

ಭಾನುವಾರ ಜಗಲಿಗೆ ಕಾಲೂರಿ, ಅವಳನ್ನು ಹತ್ತಿಸಿಕೊಂಡು ಹೊರಟೆ. "ರೀ, ಸೋಫಾ ಮೇಲೆ ಕೂತಂಗಿದೆ ಕಣ್ರೀ!" ಎಂದಳು. ನನಗೆ ಆನಂದಬಾಷ್ಪ! ಅಷ್ಟರಲ್ಲಿ ಸಿಗ್ನಲ್ ಬಂತು. ಬ್ರೇಕ್ ಹಾಕಿ ಕಾಲು ಇಳಿಬಿಟ್ಟೆ. ನೆಲವೇ ಇಲ್ಲ! ಪಕ್ಕದ ಆಟೋದ ಕಂಬಿ ಹಿಡಿದುಕೊಂಡೆ.

"ಸಾರ್, ಗ್ರೀನ್ ಬಿತ್ತು. ಆಟೋ ಬಿಡಿ!"

"ಯಾರ್ರೀ ಅವ್ರು?" ಎಂದಳು ಮಾನಸಾ.

"ಫ್ರೆಂಡು ಕಣೇ."

ಇನ್ನು ಕೊತ್ತಗೆರೆಯವರೆಗೆ ನಿಲ್ಲಿಸುವುದೇ ಇಲ್ಲವೆಂದು ನಿರ್ಧರಿಸಿದೆ.

"ಎಳನೀರು ಕುಡಿಯೋಣ ರೀ."

"ಲಾಂಗ್ ರೈಡಲ್ಲಿ ನಿಲ್ಲಿಸ್ಬಾರ್ದು ಕಣೇ!"

"ಅಪ್ಪಂಗೆ ಬಾಳೆಹಣ್ಣು?"

"ಅವ್ರ ತೋಟದಲ್ಲೇ ಇದೆಯಲ್ಲೇ!"

ಹೆಬ್ಬೂರು ದಾಟಿದ ಮೇಲೆ ಕುರಿಮಂದೆ ಅಡ್ಡ ಬಂತು. ಕುರಿಗಳಿಗೆ ನನ್ನ ನಿರ್ಧಾರ ಗೊತ್ತಿರಲಿಲ್ಲ. ಬೈಕು ನಿಂತಿತು, ನಿಧಾನವಾಗಿ ಎಡಕ್ಕೆ ವಾಲಿತು. ಒಕ್ಕಣೆಗೆಂದು ರಸ್ತೆಗೆ ಹರಡಿದ್ದ ರಾಗಿ ಹುಲ್ಲಿನ ಮೇಲೆ ದಂಪತಿ ಸಮೇತ ಉರುಳಿದೆವು.

ಹುಲ್ಲು ತಿರುವುತ್ತಿದ್ದ ಅಜ್ಜಿಯೊಬ್ಬರು, "ಬೈಕ್ ಮ್ಯಾಲೆ ಹಾಸ್ಗೆ ಹಾಸ್ಕಂಡು ಬಂದ್ರೆ ಬೀಳ್ದೆ ಇನ್ನೇನಾದದು!" ಎಂದರು.

ಮಾನಸಾ ಎದ್ದು ಸೀರೆ ಕೊಡವಿದಳು. ಈಗ ಅಯ್ಯೋ ಎನ್ನುತ್ತಾಳೆ, ಬೈಕು ಹೋಯಿತು! ಅವಳು ಅಯ್ಯೋ ಎನ್ನಲಿಲ್ಲ. ಬೈಕ್ ಎತ್ತಿ, ಸೀಟಿಗೇರಿ, ಎರಡೂ ಕಾಲು ನೆಲಕ್ಕೆ ಊರಿದಳು. ಸಲೀಸಾಗಿ! ಹೌದು, ನನ್ನ ಹೆಂಡತಿ ನನಗಿಂತ ಒಂದು ಗೇಣು ಎತ್ತರ. ಮದುವೆಯ ಫೋಟೋಗೆ ನನ್ನನ್ನು ಮಣೆ ಹತ್ತಿಸಿದ್ದರೆಂಬುದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

"ಅಪ್ಪನ ಬೈಕಲ್ಲಿ ದಿನಾ ಡೇರಿಗೆ ಹಾಲು ಹಾಕ್ದೋಳು ನಾನು. ಹತ್ರೀ ಹಿಂದೆ!"

ಹತ್ತಿದೆ. ಆಹಾ, ಏನು ಸುಖ! ಕಣ್ಣು ಬಿಟ್ಟಾಗ ಕೊತ್ತಗೆರೆ. ಮಾವ ದೊಡ್ಡರಂಗಯ್ಯನವರು ಗಾಬರಿಯಾಗಿ ನಿಂತಿದ್ದರು.

"ಅಳಿಯಂದ್ರಿಗೆ ಏನಾಯ್ತವ್ವಾ?"

"ಏನೂ ಆಗಿಲ್ಲ ಕಣಪ್ಪಾ. ಕುಣಿಗಲ್ಲಿಂದ ಗೊರಕೆ ಹೊಡೀತಾವ್ರೆ. ಸೀಟು ಅಷ್ಟು ಚೆನ್ನಾಗೈತೆ!"

ಬೈಕೇನೋ ಉಳಿಯಿತು. ಕೀ ಮಾತ್ರ ಅವಳ ಬ್ಯಾಗು ಸೇರಿದೆ. ಈಗ ಮನೆಯಿಂದ ಹೊರಡುವಾಗ ಅವಳದು ಒಂದೇ ಪ್ರಶ್ನೆ: "ರೀ, ಹಿಂದೆ ಕೂತ್ಕೋತೀರೋ, ಬಸ್ಸಿಗೆ ಬರ್ತೀರೋ?"