ಹಂಸದ ಬೆನ್ನಿನ ಮೇಲೆ ಪಾನಕ

ಮಂಜುಗಡ್ಡೆ ಕೆತ್ತುವುದು ಅಂಥ ಕಷ್ಟದ ಕೆಲಸವಲ್ಲ. ಕಲ್ಲಿಗಿಂತ ಮೆತ್ತಗೆ, ಮರಕ್ಕಿಂತ ನುಣುಪು. ರಾಮನವಮಿಯ ದಿನ ಬೆಳಿಗ್ಗೆ ಹತ್ತು ಗಂಟೆಯವರೆಗೆ ನಾನು ಇದನ್ನು ಪೂರ್ತಿ ನಂಬಿದ್ದೆ.

ಎರಡನೇ ಮಹಾಯುದ್ಧ ಮುಗಿದಿತ್ತು. ಬೆಂಗಳೂರು ದಂಡಿನ ನಮ್ಮ ಆಫೀಸಿನಲ್ಲಿ ಹಂಗಾಮಿ ಗುಮಾಸ್ತರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸುತ್ತಿದ್ದರು. ಟೈಪಿಸ್ಟರು ಇಬ್ಬರು ಉಳಿದಿದ್ದೆವು, ಬೇಕಾಗಿದ್ದದ್ದು ಒಬ್ಬ. ಇನ್ನೊಬ್ಬ ಟೈಪು ಮಾಡಿದರೆ ಮಳೆ ಸುರಿದಂತೆ ಸದ್ದು. ನನ್ನದು ಸೂರು ತೊಟ್ಟಿಕ್ಕಿದಂತೆ. ಚಿಂತಾಮಣಿ ಕಡೆಯವನಾದ ನಾನು ಮೀಸೆ ಬಂದ ಮೇಲೆ ಹೈಸ್ಕೂಲು ಸೇರಿದವನು. ಅವಸರ ನನ್ನ ಜಾಯಮಾನವಲ್ಲ. ಯಾರು ಉಳಿಯಬೇಕೆಂದು ಹಬ್ಬದ ಮರುದಿನ ತೀರ್ಮಾನಿಸುವವರು ಸೂಪರಿಂಟೆಂಡೆಂಟ್ ರಾಯರು. ಅವರನ್ನು ಹಲಸೂರಿನ ನಮ್ಮ ಮನೆಗೆ ಪಾನಕಕ್ಕೆ ಕರೆದೆ.

ಬರೀ ಪಾನಕವಲ್ಲ. ಹಿಂದೊಮ್ಮೆ ಫೈಲು ಕೊಡಲು ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಗೆ ಹೋದಾಗ ಮೇಜಿನ ಮೇಲೆ ಮಂಜುಗಡ್ಡೆಯ ಹಂಸ ಕಂಡಿದ್ದೆ. ಅದರ ಬೆನ್ನಿನ ಗುಳಿಯಲ್ಲಿ ಕೆಂಪು ಶರಬತ್ತು. ರಾಯರು ನಮ್ಮ ಮನೆಯಲ್ಲಿ ಅಂಥದ್ದನ್ನು ಕಂಡರೆ ನನ್ನ ಕೆಲಸ ಖಾಯಂ ಎಂದು ನಿಶ್ಚಯಿಸಿದೆ.

ಶಿವಾಜಿನಗರದ ಐಸು ಅಂಗಡಿಯ ಸಾಬರು ದೊಡ್ಡ ಗಡ್ಡೆಯೊಂದನ್ನು ಮರದ ಹೊಟ್ಟಿನಲ್ಲಿ ಹೂತು, ಗೋಣಿ ಸುತ್ತಿ ಜಟಕಾಕ್ಕೆ ಏರಿಸಿದರು. "ಹೊಟ್ಟು ತೆಗೀಬೇಡಿ ಸ್ವಾಮಿ. ಹೊಟ್ಟಿದ್ರೆ ಐಸು, ಇಲ್ದಿದ್ರೆ ಬರೀ ಪಾನಿ," ಎಂದರು.

ಮನೆಗೆ ಬಂದವನೇ ಹೊಟ್ಟನ್ನೆಲ್ಲ ತೊಳೆದೆ. ರಾಯರ ಪಾನಕದಲ್ಲಿ ಮರದ ಪುಡಿ ತೇಲಬಾರದಲ್ಲ!

ಬಡಗಿಯಿಂದ ತಂದ ಉಳಿಯಿಂದ ಕೆತ್ತತೊಡಗಿದೆ. ಹತ್ತು ಗಂಟೆಗೆ ಕೊಕ್ಕು ಹೋಯಿತು. ಹತ್ತೂವರೆಗೆ ಕತ್ತು. ನನ್ನ ಹೆಂಡತಿ ಪದ್ಮ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಾ ಎಲ್ಲವನ್ನೂ ನೋಡುತ್ತಿದ್ದಳು.

"ರೀ, ಬಂದೋರಿಗೆ ಆಮೆ ಅಂತ ಹೇಳ್ಬಿಡಿ."

"ಹಂಸ ಕಣೇ. ಕತ್ತು ಒಳಗೆ ಎಳ್ಕೊಂಡಿದೆ."

"ಆಮೆನೂ ಹಾಗೇ ತಾನೆ ಮಾಡೋದು?"

ಅಷ್ಟರಲ್ಲಿ ಹಂಸ ಆಮೆಗಿಂತಲೂ ಚಿಕ್ಕದಾಗತೊಡಗಿತು. ಆಗ ಹೈಸ್ಕೂಲಿನ ವಿಜ್ಞಾನ ಕೈ ಹಿಡಿಯಿತು. ಐಸಿಗೆ ಉಪ್ಪು ಹಾಕಿದರೆ ತಣ್ಣಗಾಗುತ್ತದೆ ಎಂದು ಮೇಷ್ಟರು ಹೇಳಿದ್ದರು. ಐಸ್‌ಕ್ರೀಮಿನವರು ಮಾಡುವುದೂ ಅದನ್ನೇ. ತಣ್ಣಗಾದದ್ದು ಕರಗುವುದು ಹೇಗೆ? ಎರಡು ಸೇರು ಕಲ್ಲುಪ್ಪು ತಂದು ಹಂಸದ ಒಳಗೂ ಹೊರಗೂ ಚೆನ್ನಾಗಿ ತಿಕ್ಕಿದೆ. ಮೇಷ್ಟರು ಮುಂದೆ ಇನ್ನೂ ಏನೋ ಹೇಳಿದ್ದರೆಂದು ಕಾಣುತ್ತದೆ. ಆ ದಿನ ನಾನು ಕೊನೆಯವರೆಗೂ ಎಚ್ಚರವಾಗಿರಲಿಲ್ಲ.

ರಾಯರು ಜರಿಪೇಟ ಧರಿಸಿ ಬಂದು ಕೂತರು. ಗುಳಿಗೆ ಪಾನಕ ಸುರಿದು, ಸೌಟಿನಿಂದ ಬೆಳ್ಳಿ ಲೋಟಕ್ಕೆ ಬಗ್ಗಿಸಿ ಎರಡೂ ಕೈಯಲ್ಲಿ ಕೊಟ್ಟೆ. ದೇವರ ಪ್ರಸಾದ; ಉಗುಳುವಂತಿಲ್ಲ. ಅವರು ಕಣ್ಣು ಮುಚ್ಚಿ ಇಡೀ ಲೋಟ ಕುಡಿದರು. ಭಕ್ತಿ ಎಂದುಕೊಂಡು ಇನ್ನೊಂದು ಲೋಟ ತುಂಬಿಸಿದೆ.

ಕುಡಿದರು. ಆಮೇಲೆ ಮೆಲ್ಲಗೆ, "ಇದಕ್ಕೆ ಉಪ್ಪು ಹಾಕಿದ್ದೀರಾ?" ಎಂದು ಕೇಳಿದರು.

ವಿಜ್ಞಾನವನ್ನು ವಿವರಿಸಲು ಬಾಯಿ ತೆರೆದೆ. ಆ ಕ್ಷಣಕ್ಕೇ ಹಂಸದ ತಳ ಒಡೆದು, ಉಳಿದಿದ್ದ ಪಾನಕವೆಲ್ಲ ಮೇಜು ದಾಟಿ ರಾಯರ ಕಚ್ಚೆ ಪಂಚೆಯನ್ನು ಸೇರಿತು. ಅವರು ಎದ್ದು, ಪದ್ಮಳಿಗೆ ಕೈ ಮುಗಿದು, ಕಾಲು ಅಗಲಿಸಿಕೊಂಡು ಜಟಕಾ ಹತ್ತಿದರು.

ಮರುದಿನ ಅವರ ಮೇಜಿನ ಮುಂದೆ ನಿಂತೆ.

"ನೋಡಿ, ನಿಮ್ಮನ್ನ ತೆಗೀಬೇಕು ಅಂತಲೇ ಇದ್ದೆ," ಎಂದರು. "ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ಆ ಇನ್ನೊಬ್ಬ ಎಲ್ಲಿ ಹೋದ್ರೂ ಬದುಕ್ತಾನೆ. ನಿಮ್ಮನ್ನ ಹೊರಗೆ ಬಿಟ್ರೆ ಬೇರೆ ಏನಾದ್ರೂ ಕೆಲಸ ಮಾಡೋಕೆ ಹೋಗ್ತೀರಿ. ಇಲ್ಲೇ ಕೂತ್ಕೊಂಡು ನಿಧಾನಕ್ಕೆ ಟೈಪ್ ಮಾಡ್ತಿರಿ. ಊರಿಗೆ ಕ್ಷೇಮ."

ಕೆಲಸ ಖಾಯಂ ಆಯಿತು. ಹಂಸ ನೋಡಿಯೇ ರಾಯರು ಮನಸ್ಸು ಬದಲಾಯಿಸಿದರು ಎಂದು ಪದ್ಮಳಿಗೆ ಹೇಳಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.