ತಾತನ ಮಾಯಾ ಪ್ರದಕ್ಷಿಣೆ

ನಮ್ಮ ತಾತ ಇದುವರೆಗೆ ಒಂದೇ ಒಂದು ಸಲವೂ ದಾರಿ ತಪ್ಪಿದವರಲ್ಲ. ತಪ್ಪೆಲ್ಲ ಟೆಕ್ಸಸ್ ರಾಜ್ಯದ್ದು!

ನಂಬಿಕೆ ಇಲ್ಲವೇ? ಕೇಳಿ. ಸ್ಕೂಲಿನ ಸ್ಪ್ರಿಂಗ್ ಬ್ರೇಕ್ ರಜೆಗೆ ಮೂರು ವಾರ ಮುಂಚೆ, ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಿಂದ ಡಾಲಸ್ ಪಕ್ಕದ ಪ್ಲೇನೋದ ನಮ್ಮ ಮನೆಗೆಂದು ಬೆಳಿಗ್ಗೆ ಕಾರಿನಲ್ಲಿ ಹೊರಟರು. ಊಟದ ಹೊತ್ತಿಗೆ ಬರಬೇಕಾದವರು ಸಂಜೆ ನಾಲ್ಕಕ್ಕೆ ಫೋನ್ ಮಾಡಿದರು. ಎಲ್ಲಿಂದ? ಓಕ್ಲಹೋಮ ಗಡಿಯಿಂದ! ನಮ್ಮ ಮನೆಯನ್ನು ದಾಟಿ, ಮುಂದಿನ ಊರುಗಳನ್ನೂ ದಾಟಿ, ಇನ್ನೇನು ಟೆಕ್ಸಸ್ಸೇ ಮುಗಿದುಹೋಯಿತು ಅನ್ನುವಾಗ ಬ್ರೇಕ್ ಹಾಕಿದ್ದರು.

"ನಿಮ್ಮೂರಿನ ಹೈವೇ ಎಕ್ಸಿಟ್ಟನ್ನ ಯಾರೋ ಕಿತ್ಕೊಂಡು ಹೋಗಿದಾರೆ ಕಣೇ," ಎಂದು ಅಮ್ಮನಿಗೇ ದಬಾಯಿಸಿದರು. "ಹೋದ ತಿಂಗಳು ಇಲ್ಲೇ ಇತ್ತು!"

ತಾತ ಎಂದರೆ ನನ್ನ ಅಮ್ಮನ ಸೋದರಮಾವ. ಮದುವೆಯಾಗಲಿಲ್ಲ. ಕ್ಲಿಯರ್ ಲೇಕ್‌ನಲ್ಲಿ ಮೂವತ್ತು ವರ್ಷ ರಾಕೆಟ್ಟುಗಳ ದಾರಿಯ ಲೆಕ್ಕ ಹಾಕಿದ ಎಂಜಿನಿಯರು. ಅವರು ಕಳಿಸಿದ ಒಂದು ರಾಕೆಟ್ಟೂ ಓಕ್ಲಹೋಮಕ್ಕೆ ಹೋದ ದಾಖಲೆ ಇಲ್ಲ. ಮೈಸೂರಿನಿಂದ ಅಮ್ಮನನ್ನೂ ಅವಳ ತಮ್ಮನನ್ನೂ, ಅಂದರೆ ಈಗ ಆಸ್ಟಿನ್ ಊರಿನಲ್ಲಿರುವ ನನ್ನ ಆಸ್ಟಿನ್ ಮಾಮನನ್ನೂ, ಇಲ್ಲಿಗೆ ಕರೆಸಿ ಓದಿಸಿದವರು ಇವರೇ. ಇಬ್ಬರಿಗೂ ಮಾಲಿನ ಪಾರ್ಕಿಂಗ್ ಲಾಟಿನಲ್ಲಿ ಡ್ರೈವಿಂಗ್ ಕಲಿಸಿದವರೂ ಇವರೇ. ಅಮ್ಮ ಟೆಸ್ಟಿನಲ್ಲಿ ನಾಲ್ಕು ಸಲ ಫೇಲ್. ಮಾಮ ಮೊದಲನೇ ದಿನವೇ ಹನ್ನೆರಡು ಶಾಪಿಂಗ್ ಕಾರ್ಟುಗಳನ್ನು ಒಟ್ಟಿಗೆ ಕೆಡವಿದವನು.

ಇಂಥವರಿಗೆ ನಮ್ಮ ಮನೆಯವರು ತೋರಿಸಿದ ಕೃತಜ್ಞತೆ ಏನು ಗೊತ್ತೇ? ಫ್ಯಾಮಿಲಿ ಗ್ರೂಪಿನಲ್ಲಿ ಆಸ್ಟಿನ್ ಮಾಮ ಒಂದು ಪೋಲ್ ಹಾಕಿದ. 'ಮಾವನ ಕಾರ್ ಕೀ ತಗೊಂಡುಬಿಡೋಣವಾ? ಹೌದು. ಇಲ್ಲ. ಯುಗಾದಿ ಆದ ಮೇಲೆ.'

ಯುಗಾದಿ ಭರ್ಜರಿ ಬಹುಮತದಿಂದ ಗೆದ್ದಿತು. ಹಬ್ಬದ ದಿನ ಒಬ್ಬಟ್ಟು ತಿನ್ನುವಾಗ ಮನಸ್ಸಿಗೆ ಕಸಿವಿಸಿ ಆಗಬಾರದಲ್ಲ! ಅವರ ಮನಸ್ಸಿಗಲ್ಲ, ನಮ್ಮ ಮನಸ್ಸಿಗೆ. 'ಹೌದು' ಅಂತ ಒತ್ತಿದವರಲ್ಲಿ ನಾನೂ ಒಬ್ಬಳು. ನನಗೆ ಆಗಷ್ಟೇ ಹದಿನಾರು ತುಂಬಿ ಲೈಸೆನ್ಸ್ ಬಂದಿತ್ತು, ತಾತನ ಹಳೇ ಕಾರು ಯಾರಿಗೆ ಸಿಗುತ್ತದೆ ಅನ್ನುವ ಲೆಕ್ಕ ನನಗೂ ಬರುತ್ತಿತ್ತು. 'ಇಲ್ಲ'ಕ್ಕೆ ಮಾತ್ರ ಒಂದೇ ವೋಟು. ಯಾರದು ಅಂತ ಎಲ್ಲರೂ ತಲೆ ಕೆರೆದುಕೊಂಡೆವು. ಆಮೇಲೆ ನೆನಪಾಯಿತು. ಆ ಗ್ರೂಪಿನಲ್ಲಿ ತಾತನೂ ಇದ್ದಾರೆ!

ಇದ್ದಾರೆ ಮಾತ್ರವಲ್ಲ, ನಮ್ಮ ಡೈನಿಂಗ್ ಟೇಬಲ್ಲಿನಲ್ಲೇ ಕೂತು ಮೊಸರನ್ನ ತಿನ್ನುತ್ತಿದ್ದರು. ಫೋನನ್ನು ಬೋರಲು ಹಾಕಿ, ಕೈ ತೊಳೆದುಕೊಂಡು ಬಂದು ಸವಾಲು ಹಾಕಿದರು.

"ನಾಲ್ಕು ದಿನ. ಮೆಕ್ಸಿಕೋದ ಸಮುದ್ರದ ದಡ, ಮಾಯಾ ಜನರ ಊರುಗಳು. ಟೂರ್ ಬಸ್ಸಿಲ್ಲ, ಗೈಡಿಲ್ಲ, ಫೋನಲ್ಲಿ 'ಟರ್ನ್ ರೈಟ್' ಅನ್ನೋ ಆ ಹೆಂಗಸೂ ಬೇಡ. ನಾನೇ ಡ್ರೈವ್ ಮಾಡ್ತೀನಿ. ಒಂದು ಸಲ ದಾರಿ ತಪ್ಪಿದ್ರೂ ಕೀ ನಿಮ್ದು. ತಪ್ಪದೇ ಬಂದ್ರೆ ಕೀ ನಂದು. ಆಮೇಲೆ ಯಾರೂ ಪೋಲ್ ಗೀಲ್ ಹಾಕಕೂಡದು."

"ಮಾಯಾ ಊರೇ ಯಾಕೆ ಮಾವ?" ಎಂದಳು ಅಮ್ಮ.

"ಕಂಪ್ಯೂಟರ್ ಇಲ್ದೆ ಶುಕ್ರಗ್ರಹದ ಲೆಕ್ಕ ಇಟ್ಟಿದ್ರು ಅವರು. ನಿನ್ನ ತಮ್ಮನಿಗೆ ಕಂಪ್ಯೂಟರ್ ಇದ್ರೂ ತನ್ನ ಚಾರ್ಜರ್ ಎಲ್ಲಿದೆ ಗೊತ್ತಿಲ್ಲ."

ಜೊತೆಗೆ ನಾನು. ತಾತನ ಲೆಕ್ಕದಲ್ಲಿ ಸಾಕ್ಷಿ. ಮಾಮನ ಲೆಕ್ಕದಲ್ಲಿ ಗೂಢಚಾರಿ. "ಪ್ರತಿಯೊಂದು ತಪ್ಪೂ ಬರ್ಕೋ. ಕೀ ಬಂದ್ರೆ ಕಾರು ನಿಂಗೇ," ಎಂದು ಮಾಮ ಫೋನಿನಲ್ಲಿ ಮೆಲ್ಲಗೆ ಹೇಳಿದ. ನಾನೇನು ಕಡಿಮೆಯೇ? ಹೊಸ ಸೀಟ್ ಕವರ್ ಕೂಡ ಬೇಕು ಎಂದೆ.

ತಾತನ ಕಾರು ನಮ್ಮ ಮನೆಯ ಮುಂದೆಯೇ ಉಳಿಯಿತು. ನಾವು ಡಾಲಸ್‌ನಿಂದ ಹಾರಿ ಮೆಕ್ಸಿಕೋದಲ್ಲಿ ಇಳಿದು ಬಾಡಿಗೆ ಕಾರು ಹಿಡಿದೆವು. ತಾತ ಗ್ರಾಫ್ ಹಾಳೆಯ ಮೇಲೆ ಇಡೀ ಕರಾವಳಿಯ ನಕ್ಷೆಯನ್ನು ಕೈಯಲ್ಲೇ ಬರೆದು ತಂದಿದ್ದರು. ನಾನು ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ಗೂಢಚಾರಿ ನೋಟ್‌ಬುಕ್ಕು.

ಟುಲುಮ್‌ನ ಸಮುದ್ರ ತೀರ! ಫೋಟೋದಲ್ಲಿ ನೀಲಿ ನೀರು, ಬಿಳಿ ಮರಳು. ನಾವು ಹೋದಾಗ ದಡದ ತುಂಬ ಕಂದು ಪಾಚಿ ಬಂದು ಬಿದ್ದಿತ್ತು, ಹುಳಿ ಹಳಸಿದ ವಾಸನೆ. ಸುತ್ತ ಜನರೆಲ್ಲ ಎರಡು ಅಂಗುಲ ಬಟ್ಟೆಯಲ್ಲಿದ್ದರೆ, ತಾತ ತುಂಬುತೋಳಿನ ಶರ್ಟು, ಇಸ್ತ್ರಿ ಪ್ಯಾಂಟು, ಸಾಕ್ಸು ಹಾಕಿಕೊಂಡು ಸಮುದ್ರಕ್ಕೆ ಬೆನ್ನು ಮಾಡಿ ಕೂತರು.

"ತಾತ, ಸಮುದ್ರ ಆ ಕಡೆ."

"ನಮ್ಮ ಹ್ಯೂಸ್ಟನ್ ಪಕ್ಕದ ಗ್ಯಾಲ್ವೆಸ್ಟನ್‌ನಲ್ಲಿ ಇರೋದೂ ಇದೇ ನೀರು. ನಾನು ಬಂದಿರೋದು ಕಲ್ಲು ನೋಡಕ್ಕೆ."

ಮಧ್ಯಾಹ್ನ ರಸ್ತೆ ಬದಿಯ ಅಂಗಡಿಯಲ್ಲಿ ಬಿಸಿ ಟೋರ್ಟಿಯಾ ರೊಟ್ಟಿ ಕೊಂಡು, ಜೇಬಿನಿಂದ ಚಟ್ನಿಪುಡಿ ಡಬ್ಬಿ ತೆಗೆದರು. ಅಂಗಡಿಯ ಹೆಂಗಸು ಬೆರಳು ಅದ್ದಿ ರುಚಿ ನೋಡಿದಳು, ಕಣ್ಣಲ್ಲಿ ನೀರು ಬಂತು, ಇನ್ನೊಂದು ಸಲ ಅದ್ದಿದಳು. ಕೊನೆಗೆ ಡಬ್ಬಿಯೇ ಅವಳದಾಯಿತು. ಮೂರು ದಿನದ ಚಟ್ನಿಪುಡಿ ಮೂರು ನಿಮಿಷದಲ್ಲಿ ದಾನ! ಇದು ದಾರಿ ತಪ್ಪಿದ್ದರ ಲೆಕ್ಕಕ್ಕೆ ಬರುತ್ತದೆಯೇ? ಇರಲಿ ಅಂತ ಬರೆದುಕೊಂಡೆ.

ಮಾರನೆಯ ದಿನ ಟುಲುಮ್‌ನ ಕೋಟೆಯ ಹತ್ತಿರ ಒಬ್ಬ ಗೈಡು ಹಿಂದೆ ಬಿದ್ದ. ತಾನೇ ಮಾಯಾ ವಂಶದವನು, ಅಜ್ಜಿಯ ಜೊತೆ ಇವತ್ತಿಗೂ ಅದೇ ಭಾಷೆ ಮಾತಾಡುತ್ತೇನೆ ಎಂದ. ತಾತ ಕೇಳಬೇಕಲ್ಲ! ನಿಮ್ಮವರ ಕ್ಯಾಲೆಂಡರು ಹೀಗೆ, ಸೊನ್ನೆ ಹೀಗೆ, ಶುಕ್ರ ಹೀಗೆ ಎಂದು ಅವನಿಗೇ ಕಾಲು ಗಂಟೆ ಪಾಠ ಹೇಳಿ, ನನಗೆ ಗೈಡ್ ಬೇಡ ಎಂದರು. ಅವನು ಶಾಂತವಾಗಿ ಕೇಳಿ, ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: "ಶುಕ್ರನ ವಿಷಯ ನೀವು ಹೇಳಿದ್ದೆಲ್ಲ ಸರಿ ಸಾರ್. ಆದ್ರೆ ಇದು ಟಿಕೆಟ್ ಕ್ಯೂ ಅಲ್ಲ, ಟಾಯ್ಲೆಟ್ ಕ್ಯೂ."

ಬರೆದುಕೊಂಡೆ. ಡಬಲ್ ಅಂಡರ್‌ಲೈನ್!

ಇನ್ನು ದಾರಿಯುದ್ದಕ್ಕೂ ತಾತನ ಪರೀಕ್ಷೆಗಳು. ಎರಡು ವರ್ಷದಿಂದ ಇದೊಂದು ಚಟ ಅವರಿಗೆ. "ಇವತ್ತು ಯಾವ ವಾರ? ಹೇಳು ನೋಡೋಣ!" "ಈಗ ಎಡಕ್ಕೋ ಬಲಕ್ಕೋ? ಹೇಳು ನೋಡೋಣ!" ಸರಿಯಾಗಿ ಹೇಳಿದರೆ ಹತ್ತಕ್ಕೆ ಹತ್ತು. ರಜೆಯಲ್ಲೂ ಬಿಡದ ಮೇಷ್ಟ್ರು ಅಂತ ನಾನು ಫ್ರೆಂಡ್ಸಿಗೆಲ್ಲ ಮೆಸೇಜ್ ಕಳಿಸಿ ನಗಿಸಿದ್ದೇ ನಗಿಸಿದ್ದು.

ಮೂರನೆಯ ದಿನ ಕಾಡಿನೊಳಗಿನ ಒಂದು ಪುಟ್ಟ ಪಾಳು ಊರಿಗೆ ಹೋದೆವು. ನಡುವೆ ಒಂದು ಗೋಪುರ, ಸುತ್ತ ಬಯಲು, ಬಯಲಿನಿಂದ ನಾಲ್ಕು ಕಡೆಗೂ ಒಂದೇ ಥರದ ಕಾಲುದಾರಿ. ದೇವಸ್ಥಾನ ಎಂದ ಮೇಲೆ ದೇವಸ್ಥಾನವೇ. ಯಾರ ದೇವರಾದರೇನು? ತಾತ ಬಂದ ದಾರಿಯ ಬಾಯಲ್ಲೇ ಒಂದು ಮರದ ಕೆಳಗೆ ಚಪ್ಪಲಿ ಬಿಟ್ಟು ಪ್ರದಕ್ಷಿಣೆ ಶುರು ಮಾಡಿದರು. ನಾನು ನೆರಳಿನಲ್ಲಿ ಕಲ್ಲಿನ ಮೇಲೆ ಕೂತು ಫೋನ್ ತೆಗೆದೆ.

ಮೂರು ಸುತ್ತಾಯಿತು. ಐದಾಯಿತು. ಅಷ್ಟರಲ್ಲಿ ಹೂವಿನ ಟೋಪಿಯ ಒಬ್ಬ ಅಮೆರಿಕನ್ ಹೆಂಗಸು ಏನೋ ಪವಿತ್ರವಾದದ್ದು ನಡೆಯುತ್ತಿದೆ ಎಂದುಕೊಂಡು ಶೂ ಬಿಚ್ಚಿ ತಾತನ ಹಿಂದೆ ನಡೆಯತೊಡಗಿದಳು. ಅವಳ ಹಿಂದೆ ಅವಳ ಗಂಡ. ಅವನ ಹಿಂದೆ ಇಬ್ಬರು ಜರ್ಮನ್ನರು. ಏಳನೇ ಸುತ್ತಿಗೆ ಎಂಟು ಜನರ ಮೆರವಣಿಗೆ! ಎಲ್ಲರೂ ಕೈ ಮುಗಿದಿದ್ದಾರೆ. ಕಾದ ನೆಲಕ್ಕೆ ಪಾದ ಸುಟ್ಟು ಕುಣಿಯುತ್ತಿದ್ದಾರೆ. ನಾನು ನಗು ತಡೆಯಲಾರದೆ ವಿಡಿಯೋ ಮಾಡುತ್ತಿದ್ದೇನೆ. ಇದು ಸೋಮವಾರ ಇಡೀ ಸ್ಕೂಲಿಗೇ ಹಬ್ಬ!

ಹತ್ತನೇ ಸುತ್ತಿನಲ್ಲಿ ತಾತನ ಮುಖ ಸರಿಯಾಗಿ ಕಾಣಲಿ ಅಂತ ಜೂಮ್ ಮಾಡಿದೆ.

ಆ ಮುಖದಲ್ಲಿ ಭಕ್ತಿ ಇರಲಿಲ್ಲ. ಪ್ರತಿ ಕಾಲುದಾರಿಯ ಬಾಯಲ್ಲೂ ಅವರು ನಿಲ್ಲುತ್ತಿದ್ದರು. ಎರಡು ಹೆಜ್ಜೆ ಒಳಗೆ ಇಡುತ್ತಿದ್ದರು. ವಾಪಸ್ ಬಂದು ಮತ್ತೆ ಸುತ್ತುತ್ತಿದ್ದರು. ತುಟಿ ಅಲುಗುತ್ತಿದ್ದದ್ದು ಮಂತ್ರಕ್ಕಲ್ಲ. "ಇದಲ್ಲ, ಇದಲ್ಲ," ಅನ್ನುತ್ತಿದ್ದರು. ಚಪ್ಪಲಿ ಬಿಟ್ಟಿದ್ದ ಮರದ ಮುಂದೆಯೇ ಹತ್ತು ಸಲ ಹಾದುಹೋಗಿದ್ದರು.

ಹನ್ನೊಂದನೇ ಸುತ್ತಿಗೆ ಓಡಿಹೋಗಿ ಎದುರು ನಿಂತೆ. ನನ್ನನ್ನು ಕಂಡದ್ದೇ ಬೆನ್ನು ನೆಟ್ಟಗೆ ಮಾಡಿಕೊಂಡರು.

"ನಾವು ಯಾವ ದಾರೀಲಿ ಬಂದ್ವಿ? ಹೇಳು ನೋಡೋಣ!"

ಎರಡು ವರ್ಷದ ಪರೀಕ್ಷೆಗಳೆಲ್ಲ ಒಂದೊಂದಾಗಿ ನನ್ನ ತಲೆಯೊಳಗೆ ತಿರುಗಿ ನಿಂತವು. ಇವತ್ತು ಯಾವ ವಾರ? ಎಡಕ್ಕೋ ಬಲಕ್ಕೋ? ಒಂದಾದರೂ ಪರೀಕ್ಷೆಯಾಗಿತ್ತೇ? ಎಲ್ಲವೂ ನಿಜವಾದ ಪ್ರಶ್ನೆಗಳು! ಮೇಷ್ಟ್ರಿಗೇ ಉತ್ತರ ಗೊತ್ತಿರಲಿಲ್ಲ.

"ಈ ಕಡೆ ತಾತ."

"ಕರೆಕ್ಟ್. ಹತ್ತಕ್ಕೆ ಹತ್ತು," ಎಂದರು. ನನ್ನ ಮಣಿಕಟ್ಟನ್ನು ಹಿಡಿದುಕೊಂಡರು. ಎಷ್ಟು ಬಿಗಿಯಾಗಿ ಎಂದರೆ ಬಳೆಯ ಗುರುತು ಕೂತಿತು. ಚಪ್ಪಲಿಯ ಮೇಲೆ ಓತಿಕ್ಯಾತದ ದೊಡ್ಡಪ್ಪನಂಥ ಒಂದು ಇಗ್ವಾನಾ ಬಿಸಿಲು ಕಾಯಿಸುತ್ತಿತ್ತು. ಅದನ್ನು ಓಡಿಸುವಾಗ ಟೋಪಿಯ ಹೆಂಗಸು ಬಂದು, ಇಂಥ ಶಾಂತಿ ತನಗೆ ಎಂದೂ ಸಿಕ್ಕಿರಲಿಲ್ಲ ಎಂದು ತಾತನಿಗೆ ನಮಸ್ತೆ ಹೇಳಿದಳು. ತಾತ ಆಶೀರ್ವಾದ ಮಾಡಿಯೂ ಬಿಟ್ಟರು!

ಕಾರಿನಲ್ಲಿ ಕೂತು ವಿಡಿಯೋ ಅಳಿಸಿದೆ. ಅಲ್ಲಿಂದ ಮುಂದೆ ತಾತ ಕೇಳುವ ಮೊದಲೇ ಹೇಳುತ್ತಾ ಬಂದೆ. "ಮುಂದೆ ಎಡ ಅಲ್ವಾ ತಾತ?" "ಹ್ಞೂಂ, ನಾನೂ ಅದೇ ಹೇಳೋಣ ಅಂತಿದ್ದೆ." ಏರ್‌ಪೋರ್ಟಿನವರೆಗೆ ಒಂದು ತಿರುವೂ ತಪ್ಪಲಿಲ್ಲ.

ಪ್ಲೇನೋದ ನಮ್ಮ ಹಾಲಿನಲ್ಲಿ ಕೋರ್ಟು ಸೇರಿತು. ಆಸ್ಟಿನ್ ಮಾಮ ಇದಕ್ಕೇ ಅಂತ ರಜೆ ಹಾಕಿ ಬಂದಿದ್ದ. ನಾನು ಎದ್ದು ನಿಂತೆ.

"ಒಂದೇ ಒಂದು ಸಲ ದಾರಿ ತಪ್ಪಲಿಲ್ಲ. ಅಲ್ಲಿನ ಪೊಲೀಸರೇ ತಾತನ ಹತ್ರ ದಾರಿ ಕೇಳಿದ್ರು! ಗೈಡುಗಳೆಲ್ಲ ಹಿಂದೆ ಬಂದು ನೋಟ್ಸ್ ಬರ್ಕೊಂಡ್ರು!"

"ಏಯ್, ಬುರುಡೆ ಬಿಡ್ಬೇಡ. ನಿಜ ಹೇಳು," ಎಂದ ಮಾಮ.

"ನಿಜ ಮಾಮ. ಒಂದ್ಸಲಾನೂ ಇಲ್ಲ."

ಅಮ್ಮನ ಮುಖದಲ್ಲಿ ಎಂಥ ನಿರಾಳ! ಕೀ ಬೇಡವೇ ಬೇಡ ಅಂತ ಅವಳಿಗೂ ಒಳಗೊಳಗೇ ಇತ್ತು. ಮಾಮ ಕೂಡ "ಹಂಗಾದ್ರೆ ಸರಿ ಬಿಡಿ" ಎಂದು ಫೋನ್ ಜೇಬಿಗಿಟ್ಟ.

"ಇವಳು ಸುಳ್ಳು ಹೇಳ್ತಿದಾಳೆ," ಎಂದರು ತಾತ.

ನಿಂತಿದ್ದ ನಾನು ಕೂತುಬಿಟ್ಟೆ.

"ಕಾಡಲ್ಲಿ ಹನ್ನೊಂದು ಸುತ್ತು ಹಾಕಿದೆ. ಬಂದ ದಾರಿ ಗೊತ್ತಾಗ್ಲಿಲ್ಲ. ಇವಳೇ ಕೈ ಹಿಡ್ಕೊಂಡು ಆಚೆ ಕರ್ಕೊಂಡು ಬಂದ್ಳು."

"ಅಯ್ಯೋ ಮಾವ," ಎಂದ ಮಾಮ, "ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಕೀ ನಿಮ್ಹತ್ರಾನೇ ಇರ್ತಿತ್ತು."

"ನಾಳೆ ಯಾರದೋ ಮಗೂಗೆ ಗುದ್ದಿದ್ರೆ? ನನಗೇನು, ಮರ್ತುಹೋಗತ್ತೆ. ಇವಳಿಗೆ ಮರ್ಯತ್ತಾ? ಹದಿನಾರು ವರ್ಷ ಇವಳಿಗೆ. ಈ ಸುಳ್ಳು ಹೊತ್ಕೊಂಡು ಎಷ್ಟು ವರ್ಷ ಓಡಾಡ್ಬೇಕು?"

ಕೀ ತೆಗೆದು ಟೀಪಾಯಿ ಮೇಲೆ ಇಟ್ಟು ಹೊರಗೆ ಹೋದರು. ವೋಟು ಒತ್ತಿದ ಕೈಗಳಲ್ಲಿ ಒಂದೂ ಅದನ್ನು ಮುಟ್ಟಲಿಲ್ಲ. ಅಂತೂ ನಾನು ಗೆದ್ದೆ. ಕಾರು ನನ್ನದಾಯಿತು. ಸೀಟ್ ಕವರ್ ಸಮೇತ!

ಸ್ವಲ್ಪ ಹೊತ್ತಿನ ಮೇಲೆ ಕೀ ಎತ್ತಿಕೊಂಡು ಹೊರಗೆ ಬಂದೆ. ತಾತ ಕಾರಿನೊಳಗೆ, ಡ್ರೈವರ್ ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದರು. ಮಂಡಿ ಎರಡೂ ಮುಂದಕ್ಕೆ ಒತ್ತಿಕೊಂಡಿದ್ದವು. ಸೀಟಿನ ಪಕ್ಕ, ಕೆಳಗೆ, ಹಿಂದೆ ಎಲ್ಲ ಕಡೆ ಕೈಯಾಡಿಸಿ ಏನೋ ಹುಡುಕುತ್ತಿದ್ದರು.

"ಇರ್ವಿಂಗ್‌ಗೆ ನಡಿ, ದೋಸೆ ತಿನ್ನೋಣ," ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಈ ಸೀಟನ್ನ ಹಿಂದಕ್ಕೆ ಹೆಂಗೆ ಹಾಕೋದು?"

ಹದಿನೈದು ವರ್ಷದಿಂದ ಅವರದೇ ಕಾರು. ಆ ಸೀಟಿನಲ್ಲಿ ಅವರು ಒಂದು ದಿನವೂ ಕೂತಿರಲಿಲ್ಲ.

ನಾನು ಡ್ರೈವ್‌ವೇಯ ಕಾಂಕ್ರೀಟಿನ ಮೇಲೆ ಮಂಡಿಯೂರಿ, ಸೀಟಿನ ಅಡಿಯ ಸರಳನ್ನು ಹಿಡಿದು ಎತ್ತಿ, ಮೆಲ್ಲಗೆ ಹಿಂದಕ್ಕೆ ತಳ್ಳಿದೆ.

"ಸಾಕಾ ತಾತ? ಕಾಲು ಚಾಚಿ ನೋಡಿ."

"ಇನ್ನೂ ಸ್ವಲ್ಪ," ಎಂದರು.

ಇನ್ನೂ ಸ್ವಲ್ಪ ತಳ್ಳಿದೆ.