ಸೀಲಿಲ್ಲದ ಮೀಟರು

ತೊಂಬತ್ತೆಂಟರ ಬೇಸಿಗೆಯ ಒಂದು ಬೆಳಿಗ್ಗೆ ಗುಡೇಕೋಟೆಯ ಒಣಗಿದ ಕೆರೆಯಂಗಳದಲ್ಲಿ ಪುಟ್ಟ ವಿಮಾನವೊಂದು ಇಳಿದು, ಗಾಡಿಯಿಂದ ಉರುಳಿದ ಕುಂಬಳಕಾಯಿಯಂತೆ ಮಗ್ಗುಲಾಗಿ ಕೂತಿತು. ಪೈಲಟ್ಟಿಗೆ ಏನೂ ಆಗಿರಲಿಲ್ಲ. ಎತ್ತರ ತೋರಿಸುವ ಮೀಟರು ಕೈಕೊಟ್ಟಿತ್ತು, ಅಷ್ಟೆ. ವಿಮಾನ ನೆಲ ಮುಟ್ಟಿದ್ದರೂ ಮುಳ್ಳಿನ ಪ್ರಕಾರ ಅದು ಇನ್ನೂ ಆಕಾಶದಲ್ಲೇ ಇತ್ತು.

ಸೈಕಲ್ ಶಾಪಿನ ಗಾಳೆಪ್ಪನಿಗೂ ಇದಕ್ಕೂ ಸಂಬಂಧವಿರಲಿಲ್ಲ. ಆದರೆ ಪಕ್ಕದ ಮನೆಯ ಜಂಬಕ್ಕ ಪೈಲಟ್ಟಿಗೆ ಮಜ್ಜಿಗೆ ಕೊಡುತ್ತ, ಅಂಥದ್ದೇ ಮೀಟರು ಗಾಳೆಪ್ಪಣ್ಣನ ಅಂಗಡಿಯ ಗೋಡೆಯಲ್ಲಿದೆ ಎಂದುಬಿಟ್ಟಳು.

ಇದ್ದದ್ದು ನಿಜ. ಗಾಳೆಪ್ಪನ ಒಬ್ಬನೇ ಮಗ ಓಬಳೇಶ ದೂರದ ವಿಮಾನ ರಿಪೇರಿ ಶೆಡ್ಡೊಂದರಲ್ಲಿ ಹೆಲ್ಪರ್ ಆಗಿದ್ದ. ಅಲ್ಲಿ ಬಿಸಾಡಿದ ಬಿಡಿಭಾಗಗಳನ್ನು ಕೂಡಿಸಿ ಇದನ್ನು ಮಾಡಿದ್ದ. ಮರುವರ್ಷ ಕಾಮಾಲೆಯಲ್ಲಿ ತೀರಿಕೊಂಡ. ಗಾಳೆಪ್ಪ ದಿನಾ ಅಂಗಡಿ ತೆಗೆದೊಡನೆ ಅದರ ಗಾಜಿಗೆ ಬೆರಳು ತಾಗಿಸುತ್ತಿದ್ದ. ಮುಳ್ಳು ಸಣ್ಣಗೆ ನಡುಗುತ್ತಿತ್ತು. ಅಪ್ಪ ಮಗನ ಮಾತುಕತೆ ಅಷ್ಟರಲ್ಲಿ ಮುಗಿಯುತ್ತಿತ್ತು.

ಮಧ್ಯಾಹ್ನ ಕಂಪನಿಯ ಎಂಜಿನಿಯರು ಜೀಪಿನಲ್ಲಿ ಬರುವಷ್ಟರಲ್ಲಿ ಊರವರು ಗಾಳೆಪ್ಪನನ್ನು ಮೀಟರಿನ ಸಮೇತ ಕೆರೆಗೆ ಎಳೆದು ತಂದಿದ್ದರು. ಎಂಜಿನಿಯರು ವಿಮಾನದ ಮೀಟರನ್ನೂ ಬಿಚ್ಚಿ ತಂದು, ಎರಡನ್ನೂ ಜೀಪಿನ ಬಾನೆಟ್ಟಿನ ಮೇಲಿಟ್ಟು ನಕ್ಷೆ ತೆಗೆದ. ಗುಡೇಕೋಟೆಯ ಎತ್ತರವನ್ನು ಓಬಳೇಶನ ಮೀಟರು ಕರಾರುವಾಕ್ಕಾಗಿ ತೋರಿಸುತ್ತಿತ್ತು. ಆದರೂ ಆತ ಅಡ್ಡಡ್ಡ ತಲೆಯಾಡಿಸಿದ. ಇದಕ್ಕೆ ಸೀಲಿಲ್ಲ, ವಿಮಾನಕ್ಕೆ ಕೂರಿಸುವಂತಿಲ್ಲ.

“ಸುಳ್ಳು ಹೇಳೋದಕ್ಕ ಸೀಲು ಐತಿ, ಖರೇ ಹೇಳೋದಕ್ಕ ಇಲ್ಲ. ಇದ್ಯಾವ ನ್ಯಾಯರಿ ಸಾಹೇಬ್ರ?” ಎಂದಳು ಜಂಬಕ್ಕ.

“ಪರೀಕ್ಷೆ ಮಾಡಿದ ದಿನ ಅದು ಸರಿಯಿತ್ತು ಅಂತಷ್ಟೇ ಸೀಲು ಹೇಳೋದಮ್ಮ. ಇದೇನೋ ಇವತ್ತು ಸರಿಯಿದೆ. ಆದ್ರೆ ಇದರ ಒಳಗನ್ನ ನೋಡಿದೋರು ಯಾರು?”

ಗಾಳೆಪ್ಪ ಬಾನೆಟ್ಟಿನಿಂದ ಮಗನ ಮೀಟರನ್ನು ಎತ್ತಿಕೊಂಡ. ನೋಡಿದವನು ಮಣ್ಣು ಸೇರಿದ್ದ.

ಹಾಗಾದರೆ ಸೀಲು ಹಾಕಿಸಿದರಾಯಿತು ಎಂದಿತು ಊರು. ಕೂಡ್ಲಿಗಿಯ ಕಚೇರಿಗೆ ಅಲೆದು ಜಾತಿ ಸರ್ಟಿಫಿಕೇಟು ಮಾಡಿಸಿದ ಅನುಭವಿಗಳೆಲ್ಲ ಮೀಟರಿಗೂ ದಾರಿ ಹೇಳತೊಡಗಿದರು. ಗಾಳೆಪ್ಪ ಅದನ್ನು ಅವಚಿಕೊಂಡು ಮನೆಯತ್ತ ತಿರುಗಿದ. ಜಂಬಕ್ಕ ಅಡ್ಡ ಬಂದಳು.

“ಅಣ್ಣಾ, ಸೀಲು ಬಿದ್ರ ನಮ್ಮ ಓಬಳೇಶನ ಕೈಕೆಲಸ ನಾಕು ಮಂದಿ ಒಪ್ಪಿಕೊಂಡಂಗ ಅಕ್ಕೈತಿ.”

ಗಾಳೆಪ್ಪ ನಿಂತ. ಬದುಕಿದ್ದಾಗ ಮಗನನ್ನು ಯಾರೂ ಹಾಗೆ ಒಪ್ಪಿಕೊಂಡಿರಲಿಲ್ಲ. ಅವನು ಮೀಟರನ್ನು ಎಂಜಿನಿಯರನ ಕೈಗಿಟ್ಟ. ಆತ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹೊರಟ.

ಮಳೆಗಾಲದಲ್ಲಿ ಜೀಪು ಮತ್ತೆ ಬಂತು. ಡ್ರೈವರ್ ಒಬ್ಬನೇ ಇದ್ದ. ಜಂಬಕ್ಕ ವಿಚಾರಿಸುವ ಮೊದಲೇ ತೆಂಗಿನಕಾಯಿ ಒಡೆದಳು. ಡ್ರೈವರ್ ಕವರಿನಿಂದ ಕಾಗದ ತೆಗೆದು ಓದಿದ. ಉಪಕರಣ ಎಲ್ಲ ಪರೀಕ್ಷೆಗಳಲ್ಲೂ ನಿಖರ, ಜೋಡಣೆ ಅತ್ಯುತ್ತಮ, ತಯಾರಿಸಿದವರು ಓಬಳೇಶ, ಗುಡೇಕೋಟೆ. ಕೆಳಗೆ ವಡೆಯಷ್ಟಗಲದ ಸೀಲು.

ಜನ ಚಪ್ಪಾಳೆ ತಟ್ಟಿದರು. ಗಾಳೆಪ್ಪ ಕಣ್ಣೊರೆಸಿಕೊಂಡು ಜೀಪಿನ ಹಿಂದಿನ ಸೀಟು ನೋಡಿದ.

“ಮೀಟರು ಎಲ್ಲೈತಪ್ಪ?”

ಡ್ರೈವರ್ ನೆಲ ನೋಡಿದ. ಸರ್ಟಿಫಿಕೇಟು ಕೊಡಬೇಕೆಂದರೆ ಒಳಗೆ ನೋಡಲೇಬೇಕಿತ್ತಂತೆ. “ಬಿಚ್ಚಿದ್ರು ಯಜಮಾನ್ರ. ತಿರುಗಿ ಹಂಗ ಜೋಡ್ಸೋ ಕೈ ನಮ್ಮಲ್ಲಿ ಯಾರ್ದೂ ಇಲ್ರಿ. ಸಾಹೇಬ್ರು ನಿಮ್ಮ ಮುಖ ನೋಡಾಕ ಆಗದಲೇ ನನ್ನ ಕಳಿಸ್ಯಾರ.” ಬಿಡಿಭಾಗಗಳು? ಸೀಲಿಲ್ಲದ ಸಾಮಾನು ಇಟ್ಟುಕೊಳ್ಳುವಂತಿಲ್ಲವೆಂದು ಸ್ಟೋರಿನವರು ಗುಜರಿಗೆ ಹಾಕಿಬಿಟ್ಟಿದ್ದರು.

ಜಂಬಕ್ಕ ಕಾಯಿಯ ಹೋಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಡ್ರೈವರ್ ಸಂಕೋಚದಿಂದಲೇ ಪೆನ್ನು ಚಾಚಿದ. ಸರ್ಟಿಫಿಕೇಟು ಹರಿಯದೆ, ಮುಕ್ಕಾಗದೆ ಮುಟ್ಟಿತು ಎಂಬುದಕ್ಕೆ ಒಂದು ಸಹಿ ಬೇಕಿತ್ತು.

ಗಾಳೆಪ್ಪ ಸಹಿ ಹಾಕಿದ.